ಗುಡಿಸಲಿನ ಮುಂದೆ ನಿಂತವರು

ರೇಡಿಯೋದಲ್ಲಿ ಚಿತ್ರವನ್ನು ತೋರಿಸಲು ಬರುವುದಿಲ್ಲ. ಚಿತ್ರವನ್ನು ನೋಡುವುದು ಹೇಗೆಂದು ಹೇಳಲು ಬರುತ್ತದೆ. ಈ ಪುಟದಲ್ಲಿ ಅಷ್ಟನ್ನೇ ಮಾಡೋಣ.

ಬಾಳೆಹೊನ್ನೂರು, ಕೊಪ್ಪ, ಶೃಂಗೇರಿಗಳ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ತೂಗುಹಾಕಿರುವ ಭಾವಚಿತ್ರಗಳನ್ನು ತಾವು ನೋಡಿರಬಹುದು. ಕುರ್ಚಿಯಲ್ಲಿ ಕುಳಿತ ಹಿರಿಯರ ಹೆಸರು ಮನೆಮಂದಿಗೆಲ್ಲ ಗೊತ್ತು. ಆದರೆ ಆ ತೋಟ ಗದ್ದೆಗಳಲ್ಲಿ ದುಡಿದ ಹಸಲರು, ಗೌಡಲು ಜನ ಇವರ ಚಿತ್ರಗಳೆಲ್ಲಿ? ಮಲೆನಾಡಿನ ಈ ಮೂಲನಿವಾಸಿಗಳ ಮನೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಭಾವಚಿತ್ರ ಸಿಗುವುದು ಅಪರೂಪ. ಇಂಥ ಜನರ ಹಳೆಯ ಚಿತ್ರಗಳನ್ನು ಹೆಚ್ಚಾಗಿ ದೊಡ್ಡ ಗ್ರಂಥಗಳಲ್ಲಿಯೇ ಹುಡುಕಬೇಕು.

1909ರಲ್ಲಿ ಎಡ್ಗರ್ ಥರ್ಸ್ಟನ್ನರು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ಮದರಾಸಿನಲ್ಲಿ ಹೊರತಂದರು. ಮೈಸೂರು ಸಂಸ್ಥಾನದಲ್ಲಿ ಎಚ್. ವಿ. ನಂಜುಂಡಯ್ಯನವರು ಇಂಥದೇ ಕೆಲಸವನ್ನು ಕೈಗೊಂಡಿದ್ದರು. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರೈಸಿದರು. 1928ರಿಂದ 1935ರವರೆಗೆ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಆ ಕಾಲದ ಚಿತ್ರಗಳಲ್ಲಿ ಜನ ಗುಡಿಸಲಿನ ಹೊರಗೆ, ಸಾಲಾಗಿ, ಬಿಗಿದ ಮೋರೆಯಲ್ಲಿ ನಿಂತಿರುತ್ತಾರೆ. ಇವರು ನಗಲು ಬಾರದ ಜನವೆಂದು ತಿಳಿಯಬೇಡಿ. ಬಿದಿರಿನ ತಟ್ಟಿಯ, ಹುಲ್ಲು ಹೊದಿಸಿದ ಗುಡಿಸಲಿನ ಒಳಗೆ ಚಿತ್ರಕ್ಕೆ ಸಾಲುವಷ್ಟು ಬೆಳಕಿಲ್ಲ. ಅಲುಗಿದರೆ ಚಿತ್ರ ಮಸಕಾಗುತ್ತದೆ. ಆದ್ದರಿಂದ ಅವರನ್ನು ಹೊರಗೆ ಕರೆದು ನಿಲ್ಲಿಸುತ್ತಿದ್ದರು. ತಲೆ, ಮೂಗುಗಳ ಅಳತೆಯಿಂದ ಜನಾಂಗವನ್ನು ಗುರುತಿಸಬಹುದೆಂಬ ನಂಬಿಕೆಯೂ ಆಗ ಇತ್ತು. ಅದಕ್ಕಾಗಿ ಮುಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯುತ್ತಿದ್ದರು. ಆ ಶಾಸ್ತ್ರವನ್ನು ಇಂದು ವಿದ್ವಾಂಸರು ಒಪ್ಪುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ಉದ್ದನೆಯ ಗಳುಗಳನ್ನು ತುದಿಯಲ್ಲಿ ಕೂಡಿಸಿ, ಕಾಡೆಮ್ಮೆಯ ಚರ್ಮವನ್ನೂ ಮುಂದೆ ಕ್ಯಾನ್ವಾಸನ್ನೂ ಹೊದಿಸಿ ಟೀಪಿ ಎಂಬ ಗುಡಾರ ಕಟ್ಟುತ್ತಿದ್ದರು. ಎಡ್ವರ್ಡ್ ಕರ್ಟಿಸ್ ಎಂಬ ಛಾಯಾಗ್ರಾಹಕರು 1907ರಿಂದ 1930ರವರೆಗೆ ಇಪ್ಪತ್ತು ಸಂಪುಟಗಳಲ್ಲಿ ಈ ಜನರ ಚಿತ್ರಗಳನ್ನು ಪ್ರಕಟಿಸಿದರು. ಒಂದು ಚಿತ್ರದಲ್ಲಿ ಲಿಟಲ್ ಪ್ಲೂಮ್, ಯೆಲ್ಲೋ ಕಿಡ್ನಿ ಎಂಬಿಬ್ಬರು ತಮ್ಮ ಬಿಡಾರದೊಳಗೆ ಕುಳಿತಿದ್ದಾರೆ. ಅವರ ನಡುವೆ ಒಂದು ಗಡಿಯಾರವಿತ್ತು. ಅಚ್ಚಾದ ಚಿತ್ರದಲ್ಲಿ ಅದು ಇಲ್ಲ, ತಿದ್ದಿ ಅಳಿಸಲಾಗಿತ್ತು. ಗಡಿಯಾರ ಇಟ್ಟುಕೊಂಡವರು ‘ಹಳೆಯ ಕಾಲದವರಂತೆ’ ಕಾಣುವುದಿಲ್ಲವಲ್ಲ! ತಿದ್ದದ ಪ್ರತಿ ಉಳಿದದ್ದರಿಂದ ಸಂಗತಿ ಹೊರಬಿತ್ತು.

ಅಲ್ಲಿ ಗಡಿಯಾರ ಹೋಯಿತು, ಹೆಸರು ಉಳಿಯಿತು. ನಮ್ಮ ಗ್ರಂಥಗಳಲ್ಲಿ ಮುಖ ಉಳಿದಿದೆ; ಕೆಳಗೆ ಸಾಮಾನ್ಯವಾಗಿ ಪಂಗಡದ ಹೆಸರಷ್ಟೇ ಇದೆ. ಆ ತಾಯಿ ಯಾರು, ಆ ಮಗು ಯಾರದು ಎಂದು ಹೇಳುವವರಿಲ್ಲ.

ಆದ್ದರಿಂದ ಒಂದು ಮಾತು. ತಮ್ಮ ಮನೆಯ ಪೆಟ್ಟಿಗೆಯಲ್ಲಿ ತೋಟದ ಕೊಯ್ಲಿನದೋ ಮದುವೆ ಚಪ್ಪರದ್ದೋ ಹಳೆಯ ಚಿತ್ರವಿದ್ದರೆ ಹೊರತೆಗೆಯಿರಿ. ಅಂಚಿನಲ್ಲಿ ಬುಟ್ಟಿ ಹಿಡಿದು ನಿಂತವರನ್ನೂ ಗಮನಿಸಿರಿ. ಅವರ ಕೇರಿಗೆ ಹೋಗಿ ಹಿರಿಯರಿಗೆ ತೋರಿಸಿರಿ. ಹೆಸರು ತಿಳಿದರೆ ಹಿಂಬದಿಯಲ್ಲಿ ಮೆದು ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಿರಿ. ಒಂದು ಪ್ರತಿಯನ್ನು ಮಾಡಿಸಿ ಅವರ ಮನೆಗೂ ಕೊಡಿರಿ. ಆ ಮನೆಯ ಗೋಡೆಯ ಮೇಲೂ ಒಬ್ಬ ಅಜ್ಜಿ ಹೆಸರು ಸಮೇತ ಇರಲಿ.