ಡಿಕ್ಕಿ ಬಾಗಿಲು ಯಾಕೆ ಹಾಕಿಕೊಳ್ಳುವುದಿಲ್ಲ?

ಹ್ಯಾಚ್‌ಬ್ಯಾಕ್ ಕಾರಿನ ಹಿಂಬಾಗಿಲು ಹಾಕಿಕೊಳ್ಳದಿದ್ದರೆ ನಾವೆಲ್ಲ ಮಾಡುವುದು ಒಂದೇ ಕೆಲಸ: ಇನ್ನೂ ಜೋರಾಗಿ ಬಡಿಯುವುದು. ಅಷ್ಟರಲ್ಲಿ ಮನೆಮಂದಿಯೆಲ್ಲ ಸುತ್ತ ನಿಂತು ಸಲಹೆ ಕೊಡಲು ಶುರುಮಾಡಿರುತ್ತಾರೆ. ವಿಚಿತ್ರವೆಂದರೆ, ಎಷ್ಟೋ ಸಲ ಬಾಗಿಲು ಹಾಕಿಕೊಳ್ಳದಿರುವುದಕ್ಕೆ ಕಾರಣ, ಅದರ ಲಾಕ್ ಆಗಲೇ ಹಾಕಿಕೊಂಡು ಕೂತಿರುವುದು!

ಬಾಗಿಲೆತ್ತಿ ಅದರ ಕೆಳಅಂಚನ್ನು ನೋಡಿ. ಅಲ್ಲೊಂದು ಸೀಳು, ಅದರೊಳಗೆ ತಿರುಗುವ ಉಕ್ಕಿನ ಕವೆ. ಎದುರಿಗೆ, ಕಾರಿನ ಹೊಸ್ತಿಲಲ್ಲಿ, ದಪ್ಪ ಸರಳು ಬಗ್ಗಿಸಿ ಮಾಡಿದ ಕೊಂಡಿ. ಗ್ಯಾರೇಜಿನವರ ಮಾತಿನಲ್ಲಿ ಸ್ಟ್ರೈಕರ್. (ಕೆಲವು ಕಾರುಗಳಲ್ಲಿ ಇವೆರಡರ ಜಾಗ ಅದಲುಬದಲು.) ಬಾಗಿಲು ಇಳಿದಾಗ ಸ್ಟ್ರೈಕರ್ ಕವೆಯ ಬಾಯೊಳಗೆ ನುಗ್ಗಿ ಅದನ್ನು ತಿರುಗಿಸುತ್ತದೆ. ತಿರುಗಿದ ಕವೆ ಹಿಂದಕ್ಕೆ ಬರದಂತೆ ಸ್ಪ್ರಿಂಗಿನ ಬಲದಲ್ಲಿ ನಿಂತ ಪುಟ್ಟ ತಡೆಹಲ್ಲೊಂದು ಅದರ ಅಂಚಿನ ಮೆಟ್ಟಿಲಿಗೆ ಕೂರುತ್ತದೆ. ಮೆಟ್ಟಿಲು ಎರಡು. ಮೊದಲ ‘ಟಕ್’ ಅರ್ಧ ಲಾಕ್, ಎರಡನೆಯದು ಪೂರ್ತಿ ಲಾಕ್.

ಈ ಅರ್ಧ ಲಾಕ್ ಬೇಕೆಂದೇ ಇಟ್ಟದ್ದು. ವಿಶ್ವಸಂಸ್ಥೆಯ ಅಡಿಯಲ್ಲಿ 2004ರಲ್ಲಿ ರೂಪುಗೊಂಡ ಮೊತ್ತಮೊದಲ ಜಾಗತಿಕ ವಾಹನ ನಿಯಮ ಇರುವುದೇ ಬಾಗಿಲ ಲಾಕ್‌ಗಳ ಬಗ್ಗೆ. ಅದರ ಮುಖ್ಯ ಪರೀಕ್ಷೆಯಲ್ಲಿ ಪೂರ್ತಿ ಲಾಕ್ 11,000 ನ್ಯೂಟನ್, ಅಂದರೆ ಸುಮಾರು 1,100 ಕಿಲೋ ತೂಕದಷ್ಟು ಎಳೆತ ತಡೆಯಬೇಕು. ಅರ್ಧ ಲಾಕ್‌ಗೆ 4,500 ನ್ಯೂಟನ್ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದಿದೆ ಎನ್ನುವ ದೀಪ ಆರದೆ ಉಳಿದರೆ ನೀವು ಮೊದಲ ಮೆಟ್ಟಿಲಲ್ಲೇ ನಿಂತಿರಬಹುದು.

ಬಾಗಿಲು ತೆರೆದಿರುವಾಗ ಯಾವುದಾದರೂ ಸಾಮಾನು ತಗುಲಿ, ಅಥವಾ ಮಗುವೊಂದು ಬೆರಳಾಡಿಸಿ, ಕವೆ ಮುಚ್ಚಿಬಿಟ್ಟರೆ ಸ್ಟ್ರೈಕರಿಗೆ ಒಳಹೋಗಲು ಬಾಯಿಯೇ ಇಲ್ಲ. ಎಷ್ಟು ಬಡಿದರೂ ಉಕ್ಕಿಗೆ ಉಕ್ಕು ತಾಗುತ್ತದೆ, ಅಷ್ಟೇ. ಹೊರಗಿನ ಬಟನ್ ಒತ್ತಿ ಹಿಡಿದರೆ ಅಥವಾ ಸೀಟಿನ ಬಳಿಯ ಲಿವರ್ ಎಳೆದು ಹಿಡಿದರೆ ಕವೆ ತೆರೆದುಕೊಳ್ಳಬೇಕು. ಅದು ತಾನಾಗಿ ತಿರುಗದಿದ್ದರೆ ಸ್ಕ್ರೂಡ್ರೈವರಿನಿಂದ ತುಸು ನೂಕಿ.

ಅದೇ ಸ್ಕ್ರೂಡ್ರೈವರ್ ಪರೀಕ್ಷೆಗೂ ಸಾಕು. ಬಾಗಿಲು ಮೇಲಿದ್ದಂತೆಯೇ ಸ್ಕ್ರೂಡ್ರೈವರಿನ ಸರಳನ್ನು ಕವೆಗೆ ಒತ್ತಿ. ಎರಡು ‘ಟಕ್’ ಕೇಳಿಸಿ ಕವೆ ಬಿಗಿಯಾಗಿ ನಿಂತರೆ ಲಾಕ್ ಸರಿಯಿದೆ. ಬೆರಳು ಮಾತ್ರ ಹಾಕಬೇಡಿ. ಬಾಗಿಲು ಇಳಿಸುವ ಮೊದಲು ಕವೆಯನ್ನು ಬಿಡಿಸಲು ಮರೆಯಬೇಡಿ.

ಕವೆ ನಿಲ್ಲದೆ ಜಾರಿದರೆ ತಡೆಹಲ್ಲಿನ ಮೇಲೆ ಅನುಮಾನ. ಧೂಳು ಸೇರಿ ಗ್ರೀಸ್ ಗಟ್ಟಿಯಾದರೆ ಸ್ಪ್ರಿಂಗಿಗೆ ಅದನ್ನು ವಾಪಸ್ ತರುವ ಶಕ್ತಿ ಸಾಲದು. ತೊಳೆದು ಹೊಸ ಗ್ರೀಸ್ ಹಚ್ಚಿದರೆ ಬಹುಪಾಲು ಸರಿಹೋಗುತ್ತದೆ. ವಿದ್ಯುತ್ ಬಟನ್ ಇರುವ ಕಾರಿನಲ್ಲಿ ಇನ್ನೊಂದು ಕಿತಾಪತಿ: ಬಟನ್‌ನ ರಬ್ಬರ್ ಸೀಳಿ ಮಳೆನೀರು ಇಳಿದರೆ ಸ್ವಿಚ್ ಒತ್ತಿದ ಸ್ಥಿತಿಯಲ್ಲೇ ಉಳಿಯಬಹುದು. ಆಗ ಬಾಗಿಲು ಹಾಕಿದ ಮರುಕ್ಷಣವೇ ಬಿಚ್ಚಿಕೊಳ್ಳುತ್ತದೆ.

ಲಾಕ್ ಸರಿಯಿದ್ದೂ ಬಾಗಿಲು ಕೂರದಿದ್ದರೆ ಹೊಸ್ತಿಲನ್ನು ನೋಡಿ. ಮಡಿಚಿದ ಮ್ಯಾಟ್, ಎತ್ತರ ಹೆಚ್ಚಾದ ರಬ್ಬರ್ ಸ್ಟಾಪರ್, ಹಿಂದಿನಿಂದ ಯಾರೋ ಗುದ್ದಿದಾಗ ಸರಿದ ಸ್ಟ್ರೈಕರ್. ಸ್ಟ್ರೈಕರಿನ ಒಂದೇ ಪಕ್ಕದಲ್ಲಿ ಹೊಸದಾಗಿ ಹೊಳೆಯುವ ಗೀರಿದ್ದರೆ ಅದು ಆಚೀಚೆ ಆಗಿದೆ ಎಂದರ್ಥ. ಬೋಲ್ಟ್ ಸಡಿಲಿಸುವ ಮುನ್ನ ಸುತ್ತ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಹಳೇ ಜಾಗವೂ ಸಿಗದು. ಕಿಟಕಿ ಇಳಿಸಿದಾಗ ಮಾತ್ರ ಬಾಗಿಲು ಸಲೀಸಾಗಿ ಬಿದ್ದರೆ ತಪ್ಪು ಲಾಕಿನದಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಯದು.

ಇಷ್ಟಾದರೂ ಕೂರದಿದ್ದರೆ ಹಗ್ಗ ಕಟ್ಟಿ ನಿಧಾನ ಹತ್ತಿರದ ಗ್ಯಾರೇಜಿಗೆ ಹೋಗಿ, ಆದರೆ ಕಿಟಕಿಗಳೆಲ್ಲ ಮುಚ್ಚಿರಲಿ, ಹೊರಗಿನ ಗಾಳಿ ಒಳತರುವ ಫ್ಯಾನ್ ಜೋರಾಗಿ ಓಡುತ್ತಿರಲಿ. ಓಡುವ ಕಾರಿನ ಬೆನ್ನಹಿಂದೆ ಗಾಳಿಯ ಒತ್ತಡ ಇಳಿದು, ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದು ತೆರೆದ ಬಾಗಿಲಿನಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.