ವಯಸ್ಸಿನ ದಾಖಲೆ ಮತ್ತು ಬಾಲ ನ್ಯಾಯ

1924ರಲ್ಲಿ ಮುಂಬಯಿ ಪ್ರಾಂತದ ಮಕ್ಕಳ ಕಾಯಿದೆ ರೂಪುಗೊಂಡಾಗ ಗದಗ-ಬೆಟಗೇರಿ ಮತ್ತು ಮುಂಡರಗಿ ಆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೂ ಒಳಪಟ್ಟಿದ್ದವು. ತಪ್ಪು ಮಾಡಿದ ಮಗುವಿಗೆ ಯಾವ ಕಾನೂನು ಎಂಬುದನ್ನು ಆಗ ಸೀಮೆಯ ಗಡಿ ನಿರ್ಧರಿಸುತ್ತಿತ್ತು. 1997ರಲ್ಲಿ ರಚನೆಯಾದ ಗದಗ ಜಿಲ್ಲೆಯಲ್ಲಿ ಈ ಊರುಗಳೆಲ್ಲ ಒಂದಾಗಿವೆ, 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲ ನ್ಯಾಯ ಕಾಯಿದೆಯೂ ಎಲ್ಲಕ್ಕೂ ಒಂದೇ. ಆದರೆ ಅದರ ರಕ್ಷಣೆ ಮಗುವಿಗೆ ದೊರೆಯುವುದು ವಯಸ್ಸು ದೃಢಪಟ್ಟಾಗ ಮಾತ್ರ.

ಹದಿನೆಂಟು ತುಂಬದೆ ಅಪರಾಧದ ಆರೋಪಕ್ಕೆ ಗುರಿಯಾದವರನ್ನು ಈ ಕಾಯಿದೆ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂದು ಕರೆಯುತ್ತದೆ. ಅಂಥ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ಒಬ್ಬ ಮ್ಯಾಜಿಸ್ಟ್ರೇಟ್ ಹಾಗೂ ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಸುಧಾರಣೆಗಾಗಿ ನಡೆಸುವ ವಿಶೇಷ ಗೃಹಕ್ಕೆ ಮಂಡಳಿ ಹೆಚ್ಚೆಂದರೆ 3 ವರ್ಷ ಕಳುಹಿಸಬಹುದು. ಕನಿಷ್ಠ 7 ವರ್ಷ ಸಜೆಯುಳ್ಳ ಘೋರ ಅಪರಾಧವಾಗಿದ್ದು ಮಗುವಿಗೆ 16 ತುಂಬಿದ್ದರೆ, ಕೃತ್ಯದ ಪರಿಣಾಮವನ್ನು ಅರಿಯುವ ಶಕ್ತಿ ಅದಕ್ಕಿತ್ತೇ ಎಂದು ಅಳೆಯುವ ಪ್ರಾಥಮಿಕ ಮೌಲ್ಯಮಾಪನದ ಬಳಿಕ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿಯೂ ಮರಣದಂಡನೆಯಾಗಲಿ ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿ ಶಿಕ್ಷೆಯಾಗಲಿ ವಿಧಿಸುವಂತಿಲ್ಲ.

ವಯಸ್ಸಿನ ಬಗ್ಗೆ ಅನುಮಾನವಿದ್ದಾಗ ಕಾಯಿದೆಯ 94ನೇ ಕಲಮು ಮೊದಲು ಶಾಲೆಯ ಜನ್ಮ ದಿನಾಂಕ ಪತ್ರವನ್ನು ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರವನ್ನು, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಗಳ ಬೆಳವಣಿಗೆ ನೋಡುವ ವೈದ್ಯಕೀಯ ಪರೀಕ್ಷೆಯನ್ನು ಆಧಾರವಾಗಿ ಒಪ್ಪುತ್ತದೆ. ಈ ಕೆಲಸ ತಡವಾದರೆ ಆಗುವ ಅನಾಹುತಕ್ಕೆ 2023ರ ಮಾರ್ಚ್‌ನ ಸುಪ್ರೀಂ ಕೋರ್ಟ್ ತೀರ್ಪೇ ಸಾಕ್ಷಿ: ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ವ್ಯಕ್ತಿ 1994ರ ಕೃತ್ಯದ ವೇಳೆ ಸುಮಾರು ಹನ್ನೆರಡೂವರೆ ವರ್ಷದವನೆಂದು ಶಾಲಾ ದಾಖಲೆಯಿಂದ ಸಾಬೀತಾಗಿ ಅವನು ಬಿಡುಗಡೆಯಾದಾಗ, 28 ವರ್ಷ ಸೆರೆಯಲ್ಲೇ ಕಳೆದುಹೋಗಿದ್ದವು.

ಮುಂಡರಗಿ, ಶಿರಹಟ್ಟಿಯ ಒಣಭೂಮಿಯಿಂದ ದುಡಿಯಲು ಗುಳೆ ಹೋಗುವ ಕುಟುಂಬಗಳಲ್ಲಿ, ಶಾಲೆ ಬಿಟ್ಟು ಹೋದ ಮಗುವಿನ ದಾಖಲೆ ಊರಿನಲ್ಲೇ ಉಳಿಯುತ್ತದೆ. ಆದ್ದರಿಂದ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮೊದಲ ದಿನವೇ ಶಾಲೆಯ ಹೆಸರು ಕೇಳಿ ದಾಖಲಾತಿ ರಿಜಿಸ್ಟರಿನ ನಕಲು ತರಿಸುವ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಅದನ್ನು ಮಂಡಳಿಯ ಮುಂದಿಡುವ ಪದ್ಧತಿ ಗಟ್ಟಿಯಾಗಬೇಕು. ತನ್ನ ವಯಸ್ಸನ್ನು ಸಾಬೀತುಪಡಿಸುವ ಹೊರೆ ಮಗುವಿನ ಹೆಗಲಿಗೆ ಬಿದ್ದಷ್ಟು ದಿನ, ಹಳೆಯ ಸಂಸ್ಥಾನದ ಗಡಿ ಮಾಡುತ್ತಿದ್ದ ಭೇದವನ್ನು ಒಂದು ಕಾಗದವೇ ಮಾಡುತ್ತಿರುತ್ತದೆ.