ಆಲ್ಕ್‌ಮಾರಿನ ಚೀಸ್ ಸಂತೆ

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಗಂಟೆ ಬಾರಿಸಿತೆಂದರೆ ಹಾಲೆಂಡಿನ ಆಲ್ಕ್‌ಮಾರ್ ಪಟ್ಟಣದ ಚೌಕದಲ್ಲಿ ಸಂತೆ ಶುರು. ಕಲ್ಲುಹಾಸಿನ ಮೇಲೆ ಸಾಲುಸಾಲಾಗಿ ಎರಡು ಸಾವಿರಕ್ಕೂ ಹೆಚ್ಚು ಚೀಸ್ ಗಾಲಿಗಳು. ದುಂಡಗೆ, ಹಳದಿಯಾಗಿ, ಒಂದೊಂದೂ ಸುಮಾರು 13 ಕಿಲೋ ತೂಗುವ ಈ ಚೀಸ್‌ನ ಹೆಸರು ಗೌಡಾ. ನಮ್ಮ ಗೌಡರಿಗೂ ಇದಕ್ಕೂ ನಂಟಿಲ್ಲ. ಅದು ಅಲ್ಲಿನದೇ ಒಂದು ಊರಿನ ಹೆಸರು. ಡಚ್ಚರ ಬಾಯಲ್ಲಿ ಅದು 'ಖೌದಾ' ಆಗುತ್ತದೆ.

ಪರೀಕ್ಷಕ ಮೊದಲು ಚೀಸನ್ನು ಬೆರಳಿನಿಂದ ಕುಟ್ಟಿ ಕೇಳುತ್ತಾನೆ. ಆಮೇಲೆ ಕೊಳವೆಯಂಥ ಸಲಕರಣೆಯನ್ನು ಚುಚ್ಚಿ ಒಳಗಿನ ತುಣುಕು ತೆಗೆದು ಮೂಸುತ್ತಾನೆ, ಬೆರಳಲ್ಲಿ ಹೊಸಕುತ್ತಾನೆ, ಬಾಯಿಗೆ ಹಾಕಿಕೊಳ್ಳುತ್ತಾನೆ. ಚೌಕಾಸಿಯೆಲ್ಲ ಕೈಗೆ ಕೈ ತಟ್ಟಿ. ಒಂದೊಂದು ತಟ್ಟಿಗೂ ಒಂದು ಬೆಲೆ; ಕೊನೆಯ ತಟ್ಟು ಬಿದ್ದರೆ ಮಾತು ಮುಗಿಯಿತು.

ಇನ್ನು ತೂಕ. ಮಾರುವವನ ತಕ್ಕಡಿಯನ್ನು ಕೊಳ್ಳುವವನು ನಂಬುವುದು ಕಷ್ಟ. ಕೊಳ್ಳುವವನದನ್ನು ಮಾರುವವನು ನಂಬುವುದು ಇನ್ನೂ ಕಷ್ಟ. ಹಾಗಾಗಿ ತೂಕ ಊರಿನ ತಕ್ಕಡಿಯಲ್ಲೇ ಆಗಬೇಕು. 16ನೇ ಶತಮಾನದ ಕೊನೆಯಲ್ಲಿ ಹಳೆಯ ಪ್ರಾರ್ಥನಾ ಮಂದಿರವೊಂದನ್ನೇ ಇಲ್ಲಿ ತೂಕದ ಮನೆಯಾಗಿ ಬದಲಿಸಿದರು. ಅಲ್ಲಿಗೆ ಚೀಸ್ ಹೊರುವ ಹಮಾಲರ ಸಂಘ ಹುಟ್ಟಿದ್ದು 1593ರಲ್ಲಿ.

ನೋಡುವ ಸೊಗಸು ಇರುವುದು ಈ ಹಮಾಲರಲ್ಲೇ. ಬಿಳಿ ಉಡುಪು, ಹುಲ್ಲಿನ ಟೋಪಿ. ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ತಂಡ. ಮರದ ಡೋಲಿಯಲ್ಲಿ ಎಂಟು ಚೀಸ್ ಏರಿಸಿ, ಅದರ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು ಇಬ್ಬರು ಸುಮಾರು 130 ಕಿಲೋ ಹೊರುತ್ತಾರೆ. ನೆಟ್ಟಗೆ ನಡೆದರೆ ಡೋಲಿ ತೂಗಾಡಿ ಹೊತ್ತವರನ್ನೇ ಎಳೆದಾಡೀತು. ಅದಕ್ಕೇ ವಿಚಿತ್ರ ಲಯದ ಸಣ್ಣ ಹೆಜ್ಜೆಯ ಓಟ. ಮೈ ಕುಲುಕಿದರೂ ಹೊರೆ ಕುಲುಕದು. ಪ್ರವಾಸಿಗಳು ಅದನ್ನು ಕುಣಿತವೆಂದು ನಗುತ್ತಾರೆ. ಭೌತಶಾಸ್ತ್ರ ಓದುವ ಹುಡುಗರು ನಗುವ ಮುನ್ನ ಆ ಹೆಜ್ಜೆಗಳನ್ನು ಗಮನಿಸಬೇಕು.

ನಿಜವಾದ ವ್ಯಾಪಾರ ಮಾತ್ರ ಇಂದು ಈ ಚೌಕದಲ್ಲಿಲ್ಲ. ಬೆಲೆ ಬೇರೆಡೆ ನಿಗದಿಯಾಗುತ್ತದೆ, ಕೈ ತಟ್ಟುವುದು ಪ್ರದರ್ಶನಕ್ಕೆ. ಹಾಗೆಂದು ಇದನ್ನು ಬರೀ ನಾಟಕ ಎನ್ನಲಾಗದು. ಹೆಗಲ ಮೇಲಿನ ಭಾರ ನಿಜವಾದದ್ದು, ಸಂಘದ ಕಟ್ಟಳೆಯೂ ನಿಜವಾದದ್ದು. ಸಂಘದ ಮುಖ್ಯಸ್ಥನಿಗೆ 'ಚೀಸ್ ಅಪ್ಪ' ಎಂದೇ ಹೆಸರು. ಅವನ ಟೋಪಿ ಕಿತ್ತಳೆ ಬಣ್ಣದ್ದು. ವಾರದ ಉಳಿದ ದಿನ ಬೇರೆ ಉದ್ಯೋಗ ಮಾಡುವ ಹಮಾಲರು ಶುಕ್ರವಾರ ತಡವಾಗಿ ಬಂದರೆ ದಂಡ ತೆರಬೇಕು. ಹೆಸರೂ 'ನಾಚಿಕೆಯ ಹಲಗೆ' ಏರುತ್ತದೆ.

ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಸಂತೆ. ಮಧ್ಯಾಹ್ನ ಒಂದಕ್ಕೆ ಎಲ್ಲ ಮುಗಿದು, ಚೀಸ್ ಮತ್ತೆ ಲಾರಿ ಏರುತ್ತದೆ.